ದೊರೆ ಕೊಟ್ಟ ಕಾಸು

ಮಧುಗಿರಿಯಲ್ಲಿ ಯಾರಿಗೆ ಹಳೆಯ ನಾಣ್ಯ ಸಿಕ್ಕರೂ ಈಗ ನಮ್ಮ ಕೋರ್ಟಿನ ನಕಲು ವಿಭಾಗಕ್ಕೆ ತಂದು ನನ್ನ ಮೇಜಿನ ಮೇಲೆ ಇಡುತ್ತಾರೆ. ಫೋನಿನಲ್ಲಿ ಯಾವನೋ ಒಬ್ಬ "ನಿಮ್ಮ ಮನೆಯಲ್ಲಿ ಈ ನಾಣ್ಯ ಇದ್ದರೆ ನೀವು ಲಕ್ಷಾಧೀಶರು" ಎಂದು ಅರಚುವುದನ್ನು ನೋಡಿಕೊಂಡು ಓಡಿಬರುತ್ತಾರೆ. ನಾನು ಮಸೂರ ಹಿಡಿದು ನೋಡುತ್ತೇನೆ. ಇದು ಕಂಪನಿ ಕಾಲದ ತಾಮ್ರದ್ದು, ಇದು ರಾಣಿ ತಲೆಯ ಬೆಳ್ಳಿಯದು, ಇದು ಮೊನ್ನೆ ಯಾವನೋ ಅಚ್ಚು ಹಾಕಿ ಹುಣಸೆಹಣ್ಣಿನಲ್ಲಿ ತಿಕ್ಕಿದ ಸುಳ್ಳು ನಾಣ್ಯ ಎಂದು ಹೇಳಿ, ಬೈದು ಕಳಿಸುತ್ತೇನೆ. ನನಗೆ ಇದೊಂದು ಹವ್ಯಾಸ ಎಂದು ಅವರು ತಿಳಿದಿದ್ದಾರೆ. ನಾನು ಇದನ್ನು ಕಲಿತದ್ದು ಹೆದರಿಕೆಯಿಂದ.

ನನ್ನ ಕೆಲಸವೇ ತಾಳೆ ನೋಡುವುದು. ಅಸಲು ಕಾಗದ ಎಡಗಡೆ, ನಕಲು ಬಲಗಡೆ ಇಟ್ಟುಕೊಂಡು ಅಕ್ಷರ ಅಕ್ಷರ ಓದಿ, "ಅಸಲಿನಂತೆ ನಕಲು" ಎಂದು ಮೊಹರು ಒತ್ತಬೇಕು. ಇಪ್ಪತ್ತೆಂಟು ವರ್ಷ ಒತ್ತಿದ್ದೇನೆ. ಅದೇ ಚಾಳಿ ಬಾಯಿಗೂ ಬಂದುಬಿಟ್ಟಿದೆ. ಯಾರ ಸೀರೆ ಚೆನ್ನಾಗಿಲ್ಲ, ಯಾರ ಸಾರಿಗೆ ಉಪ್ಪು ಜಾಸ್ತಿ, ಯಾರ ಮಗ ಪರೀಕ್ಷೆಯಲ್ಲಿ ಢುಮ್ಕಿ, ಎಲ್ಲವನ್ನೂ ಎದುರಿಗೇ ಹೇಳುತ್ತೇನೆ. "ನಮ್ ಸೊಸೆ ಬಾಯಿ ಖಾರ, ಆದ್ರೆ ಸುಳ್ಳು ಒಂದೂ ಬರಕಿಲ್ಲ" ಎಂದು ನಮ್ಮ ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ಹೊಗಳಿದರೋ ಬೈದರೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಮಗಳು ಚೊಚ್ಚಲ ಹೆರಿಗೆಗೆ ನಮ್ಮ ಮನೆಗೆ ಬಂದಿದ್ದಳು. ಹೆಣ್ಣು ಮಗು ಹುಟ್ಟಿತು. ನಮ್ಮ ಯಜಮಾನರಿಗೆ ರಾಯಚರ್ಲು ಕಡೆ ಸೋಲಾರ್ ಪಾರ್ಕಿನಲ್ಲಿ ಕೆಲಸ, ಬರುವುದು ಭಾನುವಾರ ಮಾತ್ರ. ನನಗೆ ಕೋರ್ಟು. ಹಾಗಾಗಿ ಬಾಣಂತನವೆಲ್ಲ ಅತ್ತೆಯದು. ಎಂಬತ್ತು ದಾಟಿದ್ದರೂ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ನೀರು ಹಾಕುವಾಗ ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ. ಪಾವಗಡದ ಕಡೆಯ ನಿಡುಗಲ್ಲಿನವರು, ಮಾತಿನಲ್ಲಿ ಅರ್ಧ ತೆಲುಗು. ಮಗುವನ್ನು "ಬಿಡ್ಡ" ಎಂದೇ ಕರೆಯುತ್ತಿದ್ದರು.

ನೀರು ಹಾಕಿ ಸಾಂಬ್ರಾಣಿ ಹೊಗೆ ಕೊಟ್ಟ ಮೇಲೆ ನಮ್ಮ ಮನೆಯಲ್ಲಿ ಒಂದು ಶಾಸ್ತ್ರ. ಸಾಣೆಕಲ್ಲಿನ ಮೇಲೆ ಎರಡು ಹನಿ ತಾಯಿಹಾಲು ಬಿಟ್ಟು, ಬಜೆ ಬೇರು ತೇಯ್ದು, ಅದರ ಮೇಲೆ ಚಿನ್ನವನ್ನು ಮೂರು ಸುತ್ತು ತೇಯಬೇಕು. ಆ ಗಂಧವನ್ನು ಬೆರಳ ತುದಿಯಲ್ಲಿ ತೆಗೆದು ಮಗುವಿನ ನಾಲಿಗೆಗೆ ಸವರಬೇಕು. ಮಗು ಚುರುಕಾಗುತ್ತದೆ, ಬಣ್ಣ ಬರುತ್ತದೆ ಎಂದು ನಂಬಿಕೆ. ಬೇರೆ ಮನೆಗಳಲ್ಲಿ ಉಂಗುರವನ್ನೋ ಓಲೆಯನ್ನೋ ತೇಯುತ್ತಾರೆ. ನಮ್ಮಲ್ಲಿ ಮಾತ್ರ ದೊರೆ ಕಾಸು. ತೇಯುವ ಹಕ್ಕು ಮನೆಯ ಹಿರಿಯ ಹೆಂಗಸಿನದು, ಬೇರೆಯವರು ಮುಟ್ಟುವಂತಿಲ್ಲ.

ದೊರೆ ಕಾಸು ಒಂದು ರೂಪಾಯಿ ನಾಣ್ಯದಷ್ಟು ಅಗಲ, ಹಳದಿ. ಒಂದು ಕಡೆ ಎಲೆಯ ಪಟ್ಟಿ ಕಟ್ಟಿಕೊಂಡ ಯಾವನೋ ಇಂಗ್ಲಿಷ್ ರಾಜನ ತಲೆ, ಇನ್ನೊಂದು ಕಡೆ ಕಿರೀಟ ಹೊತ್ತ ಗುರಾಣಿ. ಮೇಲೆ ಒಂದು ಕೊಂಡಿ, ಕೊಂಡಿಗೆ ಕರಿದಾರ. ನಮ್ಮ ಯಜಮಾನರ ಮುತ್ತಾತನ ತಂದೆಯೋ ಯಾರೋ ನಿಡುಗಲ್ ಬೆಟ್ಟದ ಕೆಳಗೆ ಡೇರೆ ಹಾಕಿದ್ದ ಬಿಳಿ ದೊರೆಯ ಕುದುರೆ ನೋಡಿಕೊಳ್ಳುತ್ತಿದ್ದರಂತೆ. ದೊರೆ ಹೊರಡುವ ದಿನ ಬೆನ್ನು ತಟ್ಟಿ ಈ ಚಿನ್ನದ ಕಾಸು ಕೊಟ್ಟನಂತೆ. ಮದುವೆಯಾಗಿ ಬಂದ ದಿನದಿಂದ ಈ ಕಥೆ ಕೇಳಿ ಕೇಳಿ ನನಗೆ ಆ ದೊರೆಯ ಮೀಸೆ ಕೂಡ ಕಂಡಂತಾಗಿತ್ತು. ಕಾಸಿನ ಸುತ್ತ ಇದ್ದ ಅಕ್ಷರಗಳನ್ನು ಮಾತ್ರ ನಾನು ಒಂದು ದಿನವೂ ಓದಿರಲಿಲ್ಲ. ದೇವರ ಗೂಡಿನಲ್ಲಿದ್ದದ್ದನ್ನು ಯಾರು ತಾಳೆ ನೋಡುತ್ತಾರೆ?

ಅತ್ತೆ ಗೋಡೆಯ ಕಡೆ ಮುಖ ಮಾಡಿ ಕೂತು ತೇಯುತ್ತಿದ್ದರು. ನಾನು ಕೋರ್ಟಿಗೆ ಹೊರಡುವ ಆತುರದಲ್ಲಿ ಜಡೆ ಹಾಕಿಕೊಳ್ಳುತ್ತ, "ಅತ್ತೆ, ಮೂರಲ್ಲ, ಐದು ಸುತ್ತು ತೇಯಿರಿ. ನಮ್ಮ ಅಳಿಯನ ಬಣ್ಣ ಬಂದುಬಿಟ್ಟರೆ ಕಷ್ಟ" ಎಂದು ರೇಗಿಸುತ್ತಿದ್ದೆ. ಮಗಳು ಒಳಗಿನಿಂದ "ಅಮ್ಮಾ" ಎಂದು ಗದರುತ್ತಿದ್ದಳು. ಅತ್ತೆ ನಗುತ್ತಿರಲಿಲ್ಲ. ಆ ಮಾತನ್ನು ದಿನಾ ಆಡಿದ್ದೆ ಎನ್ನುವುದು ಆಮೇಲೆ ನನ್ನನ್ನು ಬಹಳ ಕಾಡಿತು.

ಇಪ್ಪತ್ತೊಂದೋ ಇಪ್ಪತ್ತೆರಡೋ ದಿನಕ್ಕೆ ಮಗು ಹಾಲು ಕಕ್ಕುವುದಕ್ಕೆ ಶುರುಮಾಡಿತು. ಮೊದಲು ಸ್ವಲ್ಪ ಸ್ವಲ್ಪ, ಆಮೇಲೆ ಕುಡಿದದ್ದೆಲ್ಲ. ದೃಷ್ಟಿ ಇರಬೇಕು ಎಂದು ನಾನೇ ಉಪ್ಪು ಮೆಣಸಿನಕಾಯಿ ನಿವಾಳಿಸಿದೆ. ಅದೇ ವಾರ ಕಾಸಿನ ಕೊಂಡಿ ಕಳಚಿಕೊಂಡು ಬಂತು. ಸಿರಾದಲ್ಲಿ ನಮ್ಮ ಆಫೀಸಿನವರೊಬ್ಬರ ಮನೆ ಮದುವೆ ಇತ್ತು. ಅಲ್ಲಿ ಹಳೆ ನಾಣ್ಯ ಬಲ್ಲ ಸಾಹೇಬರೊಬ್ಬರಿದ್ದಾರೆ, ಕಾಸಿಗೆ ಬಿಸಿ ತಾಕದ ಹಾಗೆ ಕೊಂಡಿ ಕೂರಿಸುತ್ತಾರೆ ಎಂದು ಯಾರೋ ಹೇಳಿದ್ದರು. ಅವತ್ತು ಬೆಳಿಗ್ಗೆಯ ಶಾಸ್ತ್ರ ಮುಗಿದ ಮೇಲೆ ಕಾಸನ್ನು ಕೇಳಿದೆ. ಅತ್ತೆ ತಕ್ಷಣ ಕೊಟ್ಟುಬಿಟ್ಟರು. "ನಿಧಾನಕ್ಕೆ ತಕ್ಕಂಬಾ. ಅರ್ಜೆಂಟೇನಿಲ್ಲ" ಎಂದರು.

ಮದುವೆ ಊಟ ಮುಗಿಸಿ ಆ ಸಾಹೇಬರ ಅಂಗಡಿಗೆ ಹೋದೆ. ಹಿತ್ತಾಳೆ ಹೂಜಿ, ನಿಂತ ಗಡಿಯಾರ, ಗಾಜಿನ ಪೆಟ್ಟಿಗೆಯಲ್ಲಿ ನಾಣ್ಯಗಳು. ಸಾಹೇಬರಿಗೆ ನನಗಿಂತ ಹತ್ತು ವರ್ಷ ಹೆಚ್ಚಿರಬೇಕು. ಕಾಸನ್ನು ಅಂಗೈಯಲ್ಲಿ ಒಂದು ಸಲ ಎತ್ತಿ ಇಳಿಸಿದರು. ಗಾಜಿನ ಮೇಲೆ ಬೀಳಿಸಿ ಶಬ್ದ ಕೇಳಿದರು. ಚಿಕ್ಕ ತಕ್ಕಡಿಯಲ್ಲಿಟ್ಟರು. ಆಮೇಲೆ ಮಸೂರ ಹಿಡಿದು ಅಂಚನ್ನೆಲ್ಲ ಸುತ್ತು ತಿರುಗಿಸಿ ನೋಡಿದರು.

"ಅಮ್ಮಾ, ಬೇಜಾರ್ ಮಾಡ್ಕೋಬೇಡಿ" ಎಂದರು. "ಇದು ಗಿನಿ, ಅಂದ್ರೆ ಇಂಗ್ಲಿಷರ ಚಿನ್ನದ ನಾಣ್ಯ, ಅಲ್ಲ. ಗಿನಿ ಥರಾ ಮಾಡಿರೋದು."

"ದೊರೆ ಕೊಟ್ಟಿದ್ದು ಸಾಹೇಬ್ರೇ" ಎಂದೆ, ಅದೇ ದೊಡ್ಡ ಸಾಕ್ಷಿ ಎನ್ನುವ ಹಾಗೆ.

"ಕೊಟ್ಟಿರ್ತಾನೆ. ಇಸ್ಪೀಟ್ ಆಡೋವಾಗ ಮುಂದೆ ಇಟ್ಕೊಳ್ಳೋ ಬಿಲ್ಲೆ ಇದು. ಆಟದಲ್ಲಿ ನಿಜವಾದ ಚಿನ್ನ ಯಾರಿಡ್ತಾರೆ? ವಿಲಾಯತಿಯಲ್ಲಿ ರಾಶಿ ರಾಶಿ ಮಾಡ್ತಿದ್ರು." ಫೋನಿನಲ್ಲಿ ನಿಜವಾದ ಗಿನಿಯ ಚಿತ್ರ ತೆಗೆದು ನನ್ನ ಮುಂದೆ ಹಿಡಿದರು. "ನೋಡಿ. ಅಸಲಿ ಗಿನಿಯಲ್ಲಿ ಗುರಾಣಿ ಸುತ್ತ ಒಂದೊಂದೇ ಅಕ್ಷರ, ಚುಕ್ಕೆ, ಮತ್ತೆ ಅಕ್ಷರ. ರಾಜನ ಬಿರುದು ಅವು, ಯಾರಿಗೂ ಓದಕ್ಕಾಗಲ್ಲ. ನಿಮ್ಮದರಲ್ಲಿ ಪೂರಾ ಇಂಗ್ಲಿಷ್ ಮಾತಿದೆ. ನೀವೇ ಓದಿ."

ಅಸಲು ಎಡಗಡೆ, ನಕಲು ಬಲಗಡೆ. ಇಷ್ಟು ವರ್ಷ ಮಾಡಿದ ಕೆಲಸ. ಸವೆದ ಅಕ್ಷರಗಳನ್ನು ಕೂಡಿಸಿ ಓದಿದೆ. ಇನ್ ಮೆಮರಿ ಆಫ್ ದಿ ಗುಡ್ ಓಲ್ಡ್ ಡೇಸ್. ಆ ಹಿಂದಿನ ಒಳ್ಳೆಯ ದಿನಗಳ ನೆನಪಿಗೆ ಎಂದು. ಯಾವ ಸರ್ಕಾರವೂ ತನ್ನ ನಾಣ್ಯದ ಮೇಲೆ ಹಾಗೆ ಬರೆಯುವುದಿಲ್ಲ ಎಂದು ಹೇಳುವುದಕ್ಕೆ ಮಸೂರ ಬೇಕಿರಲಿಲ್ಲ.

ನಾನು ಒಪ್ಪಲಿಲ್ಲವೇನೋ ಎಂದುಕೊಂಡು ಸಾಹೇಬರು ಒರೆಗಲ್ಲು ತೆಗೆದರು. ಕಾಸನ್ನು ಒಂದು ಗೆರೆ ಎಳೆದು, ಪಕ್ಕದಲ್ಲಿ ಒಂದು ಹಳೆ ಉಂಗುರವನ್ನು ಎಳೆದು, ಎರಡರ ಮೇಲೂ ಒಂದೊಂದು ಹನಿ ಆಸಿಡ್ ಬಿಟ್ಟರು. ಉಂಗುರದ ಗೆರೆ ಹಾಗೇ ಇತ್ತು. ಕಾಸಿನ ಗೆರೆ ಹಸಿರಾಗಿ ನೊರೆ ಬಂದು ಮಾಯವಾಯಿತು. "ಹಿತ್ತಾಳೆ ಅಮ್ಮಾ. ಅಂಚಲ್ಲಿ ಯಾರೋ ತೇಯ್ದಿದ್ದಾರೆ, ಹಳೇ ಸವೆತ, ಅಲ್ಲೂ ಕಿಲುಬು ಕಟ್ಟಿದೆ ನೋಡಿ. ಯಾತಕ್ಕೆ ಉಪಯೋಗಿಸ್ತೀರಿ ಇದನ್ನ?"

ಮಗುವಿಗೆ ತೇಯ್ದು ನೆಕ್ಕಿಸುತ್ತೇವೆ ಎಂದೆ.

ಅವರು ಮಸೂರವನ್ನು ಕೆಳಗಿಟ್ಟರು. "ತೋಬಾ" ಎಂದು ಮೆಲ್ಲಗೆ ಅಂದರು. "ಹಳೇ ಹಿತ್ತಾಳೆಗೆ ಸೀಸ ಬೆರೆಸಿರ್ತಾರೆ, ಇನ್ನೇನೇನು ಬೆರೆಸಿರ್ತಾರೋ. ಎಷ್ಟು ದಿನದ ಮಗು?"

ನಾನು ಲೆಕ್ಕ ಹಾಕಿದೆ. ಹನ್ನೊಂದನೆಯ ದಿನ ಶುರು ಮಾಡಿದ್ದು, ಇವತ್ತಿಗೆ ಇಪ್ಪತ್ತಾರು. ದಿನಕ್ಕೆ ಐದು ಸುತ್ತು, ನಾನೇ ಹೇಳಿದ ಐದು ಸುತ್ತು. ಅವರು ಕೊಂಡಿಯ ವಿಚಾರ ಏನೋ ಕೇಳಿದರು, ನನ್ನ ಕಿವಿಗೆ ಬೀಳಲಿಲ್ಲ. ಕಾಸನ್ನು ಕಿತ್ತುಕೊಂಡವಳ ಹಾಗೆ ತೆಗೆದುಕೊಂಡು ಬಸ್‌ಸ್ಟ್ಯಾಂಡಿಗೆ ನಡೆದೆ.

ಬಸ್ಸು ಹೊರಡುವ ಮೊದಲೇ ಮಗಳಿಗೆ ಮೂರು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಬಾಣಂತಿ ಫೋನ್ ನೋಡಿದರೆ ಕಣ್ಣು ಹೋಗುತ್ತದೆ ಎಂದು ಅತ್ತೆ ಅದನ್ನು ಅಕ್ಕಿ ಡಬ್ಬದ ಮೇಲೆ ಇಡುವುದು ನನಗೆ ಗೊತ್ತು. ಗೊತ್ತಿದ್ದರೂ ರಿಂಗ್ ಆಗಿ ನಿಂತ ಕೂಡಲೇ ಮತ್ತೆ ಒತ್ತುತ್ತಿದ್ದೆ. ಮಗುವಿಗೆ ಫಿಟ್ಸ್ ಬಂದಿರಬೇಕು, ಅದಕ್ಕೇ ಯಾರೂ ಎತ್ತುತ್ತಿಲ್ಲ ಎಂದುಕೊಂಡೆ. ಪಕ್ಕದಲ್ಲಿ ಕೂತ ಹೆಂಗಸು ಕಡ್ಲೆಕಾಯಿ ಸುಲಿಯುತ್ತ ನನ್ನ ಕಡೆಗೂ ನಾಲ್ಕು ಚಾಚಿದಳು. ತೆಗೆದುಕೊಂಡು ಮುಷ್ಟಿಯಲ್ಲೇ ಹಿಡಿದುಕೊಂಡೆ.

ಸೀಸ ಹೊಟ್ಟೆಗೆ ಹೋದರೆ ಮಕ್ಕಳಿಗೆ ಏನಾಗುತ್ತದೆ ಎಂದು ಫೋನಿನಲ್ಲಿ ಹುಡುಕಿದೆ. ಹುಡುಕಬಾರದಿತ್ತು. ವಾಂತಿ ಎಂದು ಮೊದಲ ಸಾಲಿನಲ್ಲೇ ಇತ್ತು. ಬುದ್ಧಿ ಬೆಳೆಯುವುದಿಲ್ಲ ಎಂದೂ ಇತ್ತು. ನಾವು ನೆಕ್ಕಿಸಿದ್ದು ಬುದ್ಧಿ ಬರಲಿ ಎಂದು. ಬಡವನಹಳ್ಳಿಯಲ್ಲಿ ಡ್ರೈವರು ಟೀ ಕುಡಿಯಲು ಇಳಿದ. ಬೇರೆ ದಿನವಾಗಿದ್ದರೆ ಅವನ ಏಳು ತಲೆಮಾರನ್ನು ಜಾಲಾಡುತ್ತಿದ್ದೆ. ಅವತ್ತು ಕಂಬಿ ಹಿಡಿದುಕೊಂಡು ಸುಮ್ಮನೆ ಕೂತಿದ್ದೆ. ಮಧುಗಿರಿಯ ಬಂಡೆ ಕಂಡ ಮೇಲೂ ಎಷ್ಟೋ ಹೊತ್ತು ಊರು ಬರಲೇ ಇಲ್ಲ.

ದಾರಿಯುದ್ದಕ್ಕೂ ನನಗೆ ಅತ್ತೆಯ ಮೇಲೆ ಸಿಟ್ಟು. ಮನೆಗೆ ಹೋದವಳೇ ಸಾಣೆಕಲ್ಲನ್ನು ಎತ್ತಿ ಅಂಗಳಕ್ಕೆ ಎಸೆಯಬೇಕು, ನಿಮ್ಮ ದೊರೆಯೂ ನಿಮ್ಮ ಶಾಸ್ತ್ರವೂ ಹಾಳಾಗಿ ಹೋಗಲಿ ಎನ್ನಬೇಕು ಎಂದು ಮಾತು ಜೋಡಿಸಿಕೊಂಡಿದ್ದೆ. ಹೋದರೆ ಮಗು ತೊಟ್ಟಿಲಲ್ಲಿ ಮಲಗಿತ್ತು. ಆಗ ತಾನೆ ಮತ್ತೆ ಕಕ್ಕಿತ್ತೆಂದು ಮಗಳು ಬಟ್ಟೆ ಹಿಂಡುತ್ತಿದ್ದಳು, ಅವಳ ಮುಖ ಬಾಡಿತ್ತು. ಅವಳ ಮುಂದೆ ಹಿತ್ತಾಳೆ ಎನ್ನುವ ಶಬ್ದ ತೆಗೆಯಲು ನನಗೆ ಧೈರ್ಯ ಬರಲಿಲ್ಲ. "ಆಸ್ಪತ್ರೆಗೆ ತೋರಿಸಿಕೊಂಡು ಬರೋಣ, ನಡಿ" ಎಂದಷ್ಟೇ ಅಂದೆ. ಅತ್ತೆ ನಾನೂ ಬತ್ತೀನಿ ಎಂದು ಚಪ್ಪಲಿ ಮೆಟ್ಟಿ ಆಟೋದಲ್ಲಿ ಮೊದಲು ಕೂತರು.

ಮಕ್ಕಳ ಡಾಕ್ಟರ ಬಾಗಿಲ ಮುಂದೆ ಉದ್ದಕ್ಕೂ ಜನ. ಮಗಳು ಮಗುವಿಗೆ ಹಾಲು ಕೊಡಲು ಪರದೆಯ ಹಿಂದೆ ಹೋದಳು. ಬೆಂಚಿನ ಮೇಲೆ ನಾವಿಬ್ಬರೇ ಉಳಿದೆವು. ಡಾಕ್ಟರಿಗೆ ಸರಿಯಾಗಿ ಹೇಳಬೇಕಲ್ಲ ಎಂದು ಕೇಳಿದೆ. "ಅತ್ತೆ, ಇವತ್ತು ಬೆಳಿಗ್ಗೆ ಕಾಸು ಎಷ್ಟು ಸುತ್ತು ತೇಯ್ದಿರಿ?"

ಅವರು ಬಗ್ಗಿ ಚಪ್ಪಲಿ ಸರಿಮಾಡಿಕೊಂಡರು. ನಾನು ಇನ್ನೊಂದು ಸಲ ಕೇಳಿದೆ.

"ತೇಯ್ನಿಲ್ಲ ಕಣಮ್ಮ" ಎಂದರು.

"ಇವತ್ತು ಬಿಟ್ಟಿರಾ?"

"ಇವತ್ತೂ ಇಲ್ಲ, ನೆನ್ನೆನೂ ಇಲ್ಲ. ಒಂದ್ ದಿನಾನೂ ತೇಯ್ದಿಲ್ಲ. ಬಜೆ ಒಂದೇ ತೇಯ್ತೀನಿ. ಕಾಸ್ನ ಬೆರಳ ಸಂದೀಲಿ ಇಟ್ಕಂಡು ಅಂಗೇ ಕೈ ತಿರುಗ್ಸ್ತೀನಿ. ಕಲ್ಲಿಗೆ ತಾಕ್ಸಕಿಲ್ಲ." ನನ್ನ ಮುಖ ನೋಡದೆ ಹೇಳುತ್ತಿದ್ದರು. "ಬೈಯಬ್ಯಾಡ. ಶಾಸ್ತ್ರ ಕೆಡಿಸ್ಬುಟ್ಳು ಅಂತ ಬೈಯಬ್ಯಾಡ."

ಗೋಡೆಗೆ ತಲೆ ಒರಗಿಸಿ ಕಣ್ಣು ಮುಚ್ಚಿದೆ. ಸಾಹೇಬರು ಹೇಳಿದ ಮಾತು ಆಗ ಕಿವಿಗೆ ಬಿತ್ತು. ಹಳೇ ಸವೆತ, ಅಲ್ಲೂ ಕಿಲುಬು ಕಟ್ಟಿದೆ. ದಿನಾ ಕಲ್ಲಿಗೆ ತಾಕಿದ ಲೋಹದ ಮೇಲೆ ಕಿಲುಬು ಹೇಗೆ ನಿಲ್ಲುತ್ತದೆ? ಮಗು ಉಳಿಯಿತು, ನನ್ನ ಮೊಮ್ಮಗಳು ಉಳಿದಳು ಎಂದು ಮನಸ್ಸಿನಲ್ಲೇ ಹತ್ತು ಸಲ ಹೇಳಿಕೊಂಡೆ. ಆಮೇಲೆ, ಯಾಕೆ ತೇಯಲಿಲ್ಲ ಎಂದು ಕೇಳಿದೆ. ಅದನ್ನು ಕೇಳದಿದ್ದರೆ ಚೆನ್ನಾಗಿತ್ತು.

"ನಿನ್ ಗಂಡುಂಗಿಂತ ಮುಂಚೆ ಒಂದು ಹೆಣ್ಣು ಬಿಡ್ಡ ಇತ್ತಲ್ಲ" ಎಂದರು. ಇತ್ತೆಂದು ಕೇಳಿದ್ದೆ, ಅಷ್ಟೇ. ಆ ಮನೆಯಲ್ಲಿ ಅದರ ಮಾತು ಯಾರೂ ಎತ್ತುತ್ತಿರಲಿಲ್ಲ. "ನಮ್ಮತ್ತೆಗೆ ಕೈ ಬರ್ತಿರ್ನಿಲ್ಲ, ವಾಯು. ಎದುರ್ಗೆ ಕೂತ್ಕಂಡು ನನ್ ಕೈಲೇ ತೇಯ್ಸೋರು. ದಿನಾ ತೇಯ್ದೆ. ಅದೂ ಇಂಗೇ ಕಕ್ಕಕ್ ಶುರು ಮಾಡ್ತು. ಇನ್ನಾ ನಾಕ್ ಸುತ್ತು ತೇಯಿ, ಸರಿಹೋಯ್ತದೆ ಅಂದ್ರು. ತೇಯ್ದೆ. ಐವತ್ತು ದಿನ ಆಗಿತ್ತು, ಹೋಗ್ಬುಡ್ತು."

ಪರದೆಯ ಕಡೆ ಒಂದು ಸಲ ನೋಡಿ ದನಿ ಇನ್ನೂ ತಗ್ಗಿಸಿದರು. "ಜ್ವರ ಅಂದ್ರು, ದೃಷ್ಟಿ ಅಂದ್ರು. ನನ್ ಮನಸ್ಗೆ ಮಾತ್ರ ಆ ಕಾಸು ಅಂತ ಹೊಕ್ಕಂಬುಡ್ತು. ಚಿನ್ನ ಎಲ್ಲಾದ್ರೂ ಬಿಡ್ಡನ್ನ ಕೊಲ್ತದಾ, ನಿಂಗೆಲ್ಲೋ ಭ್ರಮೆ ಅಂತ ನಾನೇ ಹೇಳ್ಕಂಡೆ. ಆದ್ರೂ ನಿನ್ ಗಂಡ ಹುಟ್ದಾಗ, ಅಷ್ಟೊತ್ಗೆ ನಮ್ಮತ್ತೆ ಇರ್ನಿಲ್ಲ, ತೇಯಕ್ ಕೈ ಬರ್ನಿಲ್ಲ. ನಿನ್ ಮಗಳಿಗೂ ಬರ್ನಿಲ್ಲ." ಆಮೇಲೆ ನನ್ನ ಮೊಣಕೈ ಹಿಡಿದುಕೊಂಡರು. "ಸಿರಾದೋರು ನೋಡಿದ್ರಾ? ಏನಂದ್ರು? ಚಿನ್ನನೇ ತಾನೇ?"

ಕಾಸು ನನ್ನ ರವಿಕೆಯೊಳಗಿನ ಪರ್ಸಿನಲ್ಲಿತ್ತು. ಬಸ್ಸಿನಲ್ಲಿ ಪಟ್ಟ ಭಯ ಭಯವೇ ಅಲ್ಲ ಎನ್ನಿಸಿತು. ಆ ಮಗು ಹಿತ್ತಾಳೆಯಿಂದಲೇ ಹೋಯಿತು ಎಂದು ಯಾರು ಹೇಳಬಲ್ಲರು? ಆಗಿನ ಕಾಲದಲ್ಲಿ ಕೂಸುಗಳು ಹೋಗುವುದಕ್ಕೆ ನೂರು ಕಾರಣ ಇದ್ದವು. ಆದರೆ ಈ ವಾದ ನನಗೆ, ಕೋರ್ಟಿನಲ್ಲಿ ಕೂರುವವಳಿಗೆ. ಅತ್ತೆಗೆ ಬೇಕಾಗಿದ್ದದ್ದು ಒಂದೇ ಮಾತು. ಹಿತ್ತಾಳೆ ಎಂದರೆ, ಆ ಬೆಂಚಿನ ಮೇಲಿಂದ ಎದ್ದು ಮನೆಗೆ ಹೋಗುವುದು ತನ್ನ ಕೂಸನ್ನು ತಾನೇ ಕೊಂದ ಹೆಂಗಸು. ನನ್ನ ಮೊಮ್ಮಗಳನ್ನು ಉಳಿಸಿದ ಕೈ ಅದೇ. ಅದು ನನ್ನ ಮೊಣಕೈಯನ್ನು ಬಿಗಿಯಾಗಿ ಹಿಡಿದಿತ್ತು.

"ಚಿನ್ನನೇ ಅತ್ತೆ" ಎಂದೆ. "ಅಪ್ಪಟ ಚಿನ್ನ ಅಂದ್ರು."

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ಅಂಗಾದ್ರೆ ನಾನಲ್ಲ" ಎಂದರು. ಮತ್ತೆ, "ನಾನಲ್ಲ ಬುಡು" ಎಂದರು.

ಡಾಕ್ಟರು ಮಗುವನ್ನು ತೂಗಿ, ಹೊಟ್ಟೆ ಒತ್ತಿ, ಕಣ್ಣಿಗೆ ಬೆಳಕು ಬಿಟ್ಟು ನೋಡಿದರು. ತೂಕ ಏರಿದೆ, ಏನೂ ಆಗಿಲ್ಲ, ಹಾಲು ಕೊಟ್ಟ ಕೂಡಲೇ ಮಲಗಿಸುತ್ತೀರಿ, ತೇಗಿಸಿ ಎಂದರು. ಬಜೆ ವಿಚಾರ ಕೇಳಿ ಮೂವರನ್ನೂ ಒಟ್ಟಿಗೆ ಬೈದರು. ತಾಯಿಹಾಲು ಬಿಟ್ಟು ಒಂದು ಹನಿ ನೀರೂ ಕೊಡಕೂಡದು ಎಂದರು. ಜೀವಮಾನದಲ್ಲಿ ಬೈಗುಳ ಅಷ್ಟು ಹಿತವಾಗಿ ಕೇಳಿದ್ದು ಅದೊಂದೇ ಸಲ. ನಾಲ್ಕು ದಿನದಲ್ಲಿ ಮಗು ಕಕ್ಕುವುದು ನಿಂತಿತು.

ಅದಕ್ಕೂ ಮುಂಚೆ, ಮಾರನೆಯ ಬೆಳಿಗ್ಗೆಯೇ ನನ್ನ ಸುಳ್ಳು ತಿರುಗಿ ಬಂತು. ಸ್ನಾನ ಮುಗಿಸಿ ಬರುತ್ತೇನೆ, ಅತ್ತೆ ಸಾಣೆಕಲ್ಲು ತೊಳೆದು ಇಟ್ಟುಕೊಂಡು, ಗೋಡೆಯ ಕಡೆಗಲ್ಲ, ಬಾಗಿಲ ಕಡೆಗೆ ಮುಖ ಮಾಡಿ ಕೂತಿದ್ದಾರೆ. ಮುಖದಲ್ಲಿ ನಗು. "ಕಾಸು ಕೊಡಮ್ಮ" ಎಂದು ಅಂಗೈ ಚಾಚಿದರು.

"ಡಾಕ್ಟರು ಬೇಡ ಅಂದಿದ್ದಾರಲ್ಲ ಅತ್ತೆ."

"ಬಜೆ ಬ್ಯಾಡ ಅಂದ್ರು. ಚಿನ್ನ ಏನ್ ಮಾಡ್ತದೆ? ನನ್ ಭ್ರಮೆಗೆ ನಿನ್ ಗಂಡುಂಗೂ ಇಲ್ಲ, ನಿನ್ ಮಗಳಿಗೂ ಇಲ್ಲ ಮಾಡ್ಬುಟ್ಟೆ. ಈ ಬಿಡ್ಡಕ್ಕಾದ್ರೂ ಒಂದೇ ಒಂದ್ ಸುತ್ತು ತೇಯ್ತೀನಿ. ಕೊಡು."

ಕಾಸು ರವಿಕೆಯೊಳಗೆ ಬೆಂಕಿಯ ಹಾಗೆ ಇತ್ತು. ಈ ಮುದುಕಿಗೆ ಬಿಡುಗಡೆ ಕೊಡುವುದಕ್ಕೆ ಹೋಗಿ ನಾನೇ ಆ ಹಿತ್ತಾಳೆಗೆ ಮಗುವಿನ ಬಾಯಿಯ ದಾರಿ ಮಾಡಿಕೊಟ್ಟಿದ್ದೆ. "ಕೊಂಡಿ ಹಾಕಕ್ಕೆ ಸಿರಾದಲ್ಲೇ ಬಿಟ್ಟು ಬಂದಿದ್ದೀನಿ" ಎಂದೆ. ಜೀವನದಲ್ಲಿ ಎರಡನೆಯ ಸುಳ್ಳು, ಒಂದು ದಿನದೊಳಗೆ. ಅವತ್ತೇ ಅದನ್ನು ಕೋರ್ಟಿಗೆ ಒಯ್ದು ನನ್ನ ಮೇಜಿನ ಖಾನೆಯಲ್ಲಿ, ಮೊಹರಿನ ಡಬ್ಬಿಯ ಕೆಳಗೆ ಇಟ್ಟು ಬೀಗ ಹಾಕಿದೆ.

ಎಸೆಯಲು ಎರಡು ಸಲ ಹೋಗಿದ್ದೆ. ಎಸೆಯಲಾಗಲಿಲ್ಲ. ಆ ಹೆಸರಿಲ್ಲದ ಕೂಸು ಮುಟ್ಟಿದ್ದರಲ್ಲಿ ಈ ಭೂಮಿಯ ಮೇಲೆ ಉಳಿದಿರುವುದು ಇದೊಂದೇ. ಅಂಚಿನ ಸವೆತವನ್ನು ಮಸೂರದಲ್ಲಿ ನೋಡಿದರೆ ಗೆರೆ ಗೆರೆ ಕಾಣುತ್ತದೆ. ಅದೇ ಮಸೂರದಲ್ಲಿ ಊರವರ ನಾಣ್ಯ ನೋಡುವುದನ್ನು ಕಲಿತೆ. ಇಂಥದ್ದು ಇನ್ನೊಂದು ಮನೆಯಲ್ಲಿ ಇರಬಹುದು ಎಂಬ ಹೆದರಿಕೆಗೆ. ಯಾರು ಹಳದಿ ನಾಣ್ಯ ತಂದರೂ ಮೊದಲು ಕೇಳುವುದು ಒಂದೇ, ಮನೆಯಲ್ಲಿ ಹಸುಗೂಸು ಇದೆಯಾ ಎಂದು.

ಮೊದಮೊದಲು ಅತ್ತೆ ದಿನಾ ಕೇಳುತ್ತಿದ್ದರು, ಆಮೇಲೆ ವಾರಕ್ಕೊಮ್ಮೆ. ಅಂಗಡಿ ಬಾಗಿಲು ಹಾಕಿತ್ತು, ಸಾಹೇಬರಿಗೆ ಹುಷಾರಿಲ್ಲ, ಬಸ್ಸು ತಪ್ಪಿತು ಎಂದು ನಾನು ಸುಳ್ಳಿನ ಮೇಲೆ ಸುಳ್ಳು ಪೇರಿಸಿದೆ. ಪ್ರತಿ ಸಲವೂ ಸಿಕ್ಕಿಬಿದ್ದೆ ಎಂದೇ ಅಂದುಕೊಳ್ಳುತ್ತಿದ್ದೆ. ಮಗು ಅಂಬೆಗಾಲಿಡುವ ಹೊತ್ತಿಗೆ ಮಗಳು ಗಂಡನ ಮನೆಗೆ ಹೊರಟಳು. ಅವಳನ್ನು ಬಸ್ಸು ಹತ್ತಿಸಿ ಬಂದ ಮೇಲೆ ಅತ್ತೆ ಜಗುಲಿಯ ಮೇಲೆ ಕೂತು ಹೇಳಿದರು.

"ಆ ಕಾಸು ಬರದಿದ್ರೆ ಬ್ಯಾಡ ಬುಡು. ಇನ್ ಕೇಳಕಿಲ್ಲ. ಚಿನ್ನ ಅಂತ ಗೊತ್ತಾಯ್ತಲ್ಲ, ನನಗಷ್ಟು ಸಾಕು. ಬ್ಯಾರೆ ಯಾರಾದ್ರೂ ಹೇಳಿದ್ರೆ ನಂಬ್ತಿರ್ನಿಲ್ಲ. ನೀನ್ ಹೇಳ್ದೆ ನೋಡು."

"ಹೂಂ ಅತ್ತೆ" ಎಂದೆ.